ಬೋಲ್ಟ್ ಮುರಿದದ್ದು ಬಿಚ್ಚಿದವನ ಕೈಯಲ್ಲಲ್ಲ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ಗ್ಯಾರೇಜುಗಳಲ್ಲಿ ಒಂದು ತೀರ್ಪು ಸದಾ ಸಿದ್ಧವಾಗಿರುತ್ತದೆ. ಯಾರೋ ಮಾಸ್ತರರು, ಯಾರೋ ಸಿಮೆಂಟ್ ಕಾರ್ಖಾನೆಯ ಆಪರೇಟರು ಭಾನುವಾರ ಮನೆಯಂಗಳದಲ್ಲಿ ತಮ್ಮ ಹಳೆಯ ಕಾರಿನ ಬಾನೆಟ್ ಎತ್ತಿರುತ್ತಾರೆ. ಥರ್ಮೋಸ್ಟ್ಯಾಟಿನ ಮುಚ್ಚಳವನ್ನೋ ಅಲ್ಟರ್ನೇಟರನ್ನೋ ಬಿಚ್ಚಲು ಹೋಗಿರುತ್ತಾರೆ. ಪಾನಾ ತಿರುಗಿಸುತ್ತಿದ್ದಂತೆ ಬೋಲ್ಟಿನ ತಲೆ ಕೈಗೆ ಬರುತ್ತದೆ, ಮೈ ಒಳಗೇ ಉಳಿಯುತ್ತದೆ. ಮರುದಿನ ಗಾಡಿ ಗ್ಯಾರೇಜಿಗೆ ಬಂದಾಗ ಸುತ್ತ ನಿಂತವರೆಲ್ಲ ಹೇಳುವುದು ಒಂದೇ: "ಮನ್ಯಾಗ ಗಾಡಿ ಬಿಚ್ಚಬ್ಯಾಡ್ರಿ ಸರ್ ಅಂತ ಅದಕ್ಕ ಹೇಳಾದು. ನಿಮ್ಮ ಕೈಗಿ ಅಂದಾಜ ಇರಲ್ಲ."

ಕೇಳಿದವರು ತಲೆ ತಗ್ಗಿಸುತ್ತಾರೆ. ಡ್ರೈವಿಂಗ್ ಸೀಟಿನ ಕೆಳಗಿದ್ದ ಪಾನಾಗಳ ಚೀಲ ಅಟ್ಟ ಸೇರುತ್ತದೆ. ಅಲ್ಲಿಂದ ಮುಂದೆ ಏರ್ ಫಿಲ್ಟರ್ ಬದಲಿಸಲಿಕ್ಕೂ ಅವರು ಗ್ಯಾರೇಜಿನ ಬಾಗಿಲಲ್ಲಿ ಕಾಯುತ್ತಾರೆ.

ಈ ತೀರ್ಪು ತಪ್ಪು ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ. ಮನೆಯಲ್ಲಿ ಮುರಿಯುವ ಬೋಲ್ಟುಗಳಲ್ಲಿ ಬಹುಪಾಲು, ಬಿಚ್ಚುವ ದಿನ ಮುರಿದವಲ್ಲ. ಹಿಂದೆ ಎಂದೋ ಅವುಗಳನ್ನು ಕೂರಿಸಿದ ದಿನವೇ ಅವುಗಳ ಕತೆ ಮುಗಿದಿರುತ್ತದೆ. ಬಿಗಿ ಮಾಡಿದಷ್ಟೂ ಭದ್ರ ಎಂಬ ನಂಬಿಕೆ, ಆ ನಂಬಿಕೆಯ ಬೆನ್ನಿಗೆ ನಿಂತ, ಪಾನಾದ ಹಿಂದಕ್ಕೆ ಸಿಕ್ಕಿಸುವ ಪೈಪು ಮತ್ತು ಏರ್ ಗನ್ನು, ಇವು ಬೋಲ್ಟನ್ನು ಕೊಲ್ಲುತ್ತವೆ. ಮನೆಯಲ್ಲಿ ಕೈಯಿಟ್ಟವನಿಗೆ ಸಿಗುವುದು ಅದರ ಹೆಣ. ಅವನನ್ನು ಕೊಲೆಗಾರನೆಂದು ಕರೆಯುವುದು ಅನ್ಯಾಯ. ಅನ್ಯಾಯದ ಜೊತೆಗೆ ನಷ್ಟವೂ ಇದೆ. ಮುರಿದ ಬೋಲ್ಟನ್ನು ಸುತ್ತಲಿನದೇನೂ ಹಾಳಾಗದಂತೆ ಹೊರತೆಗೆಯಲು ಬೇಕಾದ ಮುಖ್ಯ ಸಾಮಗ್ರಿ ಸಮಯ. ಅದು ಗ್ಯಾರೇಜಿಗಿಂತ ಮನೆಯಲ್ಲಿ ಹೆಚ್ಚು ಇರುತ್ತದೆ.

ಮೊದಲು ಸಾಕ್ಷಿ ನೋಡೋಣ. ಬೋಲ್ಟ್ ಕಟ್ ಆದಾಗ ಕೈಗೆ ಬಂದ ತಲೆಯನ್ನು ಬೈದು ಮೂಲೆಗೆ ಎಸೆಯಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ, ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ. ಒಂದೇ ಏಟಿಗೆ ಈಗಷ್ಟೇ ಮುರಿದ ಉಕ್ಕಿನ ಮುಖ ಪೂರ್ತಿ ಬೂದುಬಣ್ಣದ್ದು, ಹೊಸದು, ಹೊಳೆಯುವಂಥದ್ದು. ಆದರೆ ಎಷ್ಟೋ ಸಲ ಆ ಮುಖದ ಒಂದು ಬದಿ ಕಂದಾಗಿ, ಒಮ್ಮೊಮ್ಮೆ ಕರ್ರಗೆ ಇರುತ್ತದೆ. ಉಳಿದ ಭಾಗ ಮಾತ್ರ ಹೊಳೆಯುತ್ತದೆ. ಕಂದಾದ ಭಾಗ ಹಳೆಯ ಬಿರುಕು. ಗಾಳಿ, ನೀರು, ಎಣ್ಣೆಯ ಜಿಡ್ಡು ಅದರೊಳಗೆ ಹೋಗಿ ಬಣ್ಣ ತಿರುಗಲು ದಿನಗಳು ಹಿಡಿದಿವೆ. ಅಷ್ಟು ಕಾಲ ಬೋಲ್ಟ್ ಅರ್ಧ ಮೈಯಲ್ಲೇ ಹೊರೆ ಹೊತ್ತಿತ್ತು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಮುರಿದದ್ದು ಉಳಿದ ಆ ಹೊಳೆಯುವ ತುಂಡು ಮಾತ್ರ.

ಇನ್ನೊಂದು ಪರೀಕ್ಷೆಯೂ ಇದೆ. ಅದೇ ಜಾಗದಲ್ಲಿ ಮುರಿಯದೆ ಹೊರಬಂದ ಜೊತೆಯ ಬೋಲ್ಟೊಂದನ್ನು ಹಿಡಿಯಿರಿ. ಅದೇ ಅಳತೆಯ ಹೊಸ ಬೋಲ್ಟನ್ನು ಅದರ ಪಕ್ಕಕ್ಕೆ ತಂದು ಒಂದರ ಥ್ರೆಡ್ಡು ಇನ್ನೊಂದರಲ್ಲಿ ಕೂರುವಂತೆ ಸೇರಿಸಿ, ನಡುವೆ ಬೆಳಕು ನುಸುಳುತ್ತದೆಯೇ ನೋಡಿ. ಎರಡೂ ಸರಿಯಿದ್ದರೆ ಹಲ್ಲಿಗೆ ಹಲ್ಲು ಕೂಡುತ್ತದೆ. ಹಳೆಯದು ಎಳೆದುಕೊಂಡಿದ್ದರೆ ನಾಲ್ಕೈದು ಸುತ್ತಿನೊಳಗೆ ಹಲ್ಲು ತಪ್ಪುತ್ತದೆ. ಉಕ್ಕು ತನ್ನ ಮಿತಿ ಮೀರಿ ಹಿಗ್ಗಿ, ಮತ್ತೆ ಮರಳದೆ ಹಾಗೆಯೇ ಉಳಿದಿದೆ ಎಂದು ಅರ್ಥ. ಬಿಚ್ಚುವವನ ಪಾನಾ ಬೋಲ್ಟನ್ನು ಹೀಗೆ ಉದ್ದಕ್ಕೆ ಎಳೆಯಲಾರದು. ಅದು ಬಿಗಿ ಮಾಡಿದವನ ಕೆಲಸ.

ಗ್ಯಾರೇಜಿನವರು ಇದಕ್ಕೆ ಕೊಡುವ ಮೊದಲ ಉತ್ತರ ಜಂಗು, ಅಂದರೆ ತುಕ್ಕು. "ಜಂಗ ಹಿಡದದ, ಅದಕ್ಕ ಕಟ್ ಆಯ್ತು." ಜಂಗಿನ ಪಾಲು ಇಲ್ಲವೆಂದು ನಾನು ಹೇಳುತ್ತಿಲ್ಲ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಕೂದಲೆಳೆಯಷ್ಟು ಸಂದಿಯಿರುವ ಥ್ರೆಡ್ಡಿನಲ್ಲಿ ಅಷ್ಟು ಉಬ್ಬಿದರೆ ಬೋಲ್ಟ್ ಅಲ್ಲಾಡದು. ಸೈಲೆನ್ಸರ್ ಮ್ಯಾನಿಫೋಲ್ಡಿನ ಸ್ಟಡ್ಡುಗಳ ಮಟ್ಟಿಗೆ, ಅಲ್ಲಿನ ಕಾವಿಗೆ, ಈ ಮಾತು ನಿಜ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಓಡಾಡಿದ ಗಾಡಿಯ ಅಡಿಭಾಗಕ್ಕೂ ನಿಜ. ಕರಿ ಎರೆ ಒಮ್ಮೆ ಹತ್ತಿತೆಂದರೆ ಗೋಡೆ ಮೆತ್ತಿದಂತೆ ನಿಂತು ವಾರಗಟ್ಟಲೆ ತೇವ ಹಿಡಿದಿರುತ್ತದೆ. ಸಿಮೆಂಟ್ ಧೂಳಿನ ಕಾಟ ಬೇರೆ. ಒದ್ದೆಯಾದ ಸಿಮೆಂಟ್ ಬಲವಾದ ಕ್ಷಾರ. ಅದು ಉಕ್ಕಿಗಿಂತ ಅಲ್ಯೂಮಿನಿಯಮ್ಮನ್ನು ಹೆಚ್ಚು ತಿನ್ನುತ್ತದೆ, ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ ಮೈಯಲ್ಲಿ ಕೂತ ಕಡೆಯೆಲ್ಲ ಬಿಳಿ ಪುಡಿ ಕಟ್ಟಿ ಎರಡನ್ನೂ ಬೆಸೆಯುತ್ತದೆ. ಕಾರ್ಖಾನೆಯ ಗೇಟಿನ ಹತ್ತಿರ ದಿನವೂ ಗಾಡಿ ನಿಲ್ಲಿಸುವವರಿಗೆ ಈ ಬಿಳಿ ಪುಡಿ ಹೊಸದೇನಲ್ಲ.

ಇಷ್ಟು ಒಪ್ಪಿದ ಮೇಲೂ ಲೆಕ್ಕ ತಾಳೆಯಾಗುವುದಿಲ್ಲ. ಈ ಸೀಮೆಯಲ್ಲಿ ಕಡಲಿಲ್ಲ, ಉಪ್ಪುಗಾಳಿಯಿಲ್ಲ, ವರ್ಷದ ಬಹುಭಾಗ ಗಾಳಿ ಒಣಗಿಯೇ ಇರುತ್ತದೆ. ಕಾರವಾರ, ಮಂಗಳೂರಿನ ಗಾಡಿಗಳ ಅಡಿಯಲ್ಲಿ ತುಕ್ಕು ಹಾಳೆಹಾಳೆಯಾಗಿ ಉದುರುತ್ತದೆ. ಅಲ್ಲಿ ಜಂಗಿನ ಮಾತು ಹೇಳಿದರೆ ಒಪ್ಪಬಹುದು. ಸೇಡಮ್ಮಿನಲ್ಲಿ, ಬಾನೆಟ್ಟಿನ ಒಳಗೆ, ಎಂಜಿನ್ನಿನ ನೆತ್ತಿಯ ಮೇಲೆ, ನೀರೇ ತಾಗದ ಜಾಗದ ಬೋಲ್ಟು ಕಟ್ ಆದರೆ ಅದಕ್ಕೂ ಜಂಗೇ ಕಾರಣವೇ? ಮುರಿದ ಮೈಯ ಥ್ರೆಡ್ಡು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೂ ಜಂಗೇ ಕಾರಣವೇ? ಎದುರಿಗೆ ನಿಂತು ಉತ್ತರ ಹೇಳಲಾರದ ಆರೋಪಿ ಎಂಬುದಕ್ಕೇ ಎಲ್ಲ ತಪ್ಪನ್ನೂ ಜಂಗಿನ ಮೇಲೆ ಹೊರಿಸಲಾಗುತ್ತದೆ.

ಇನ್ನೊಂದು ಉತ್ತರ, "ಕಂಪನಿದವರು ಹಗರ ಬೋಲ್ಟ್ ಹಾಕ್ಯಾರ." ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೋಲ್ಟಿನ ತಲೆಯ ಮೇಲೆ 8.8 ಎಂದು ಕೊರೆದಿದ್ದರೆ, ಅದರ ಪ್ರತಿ ಚದರ ಮಿಲಿಮೀಟರ್ ಉಕ್ಕು 800 ನ್ಯೂಟನ್ ಎಳೆತಕ್ಕೆ ಹರಿಯುತ್ತದೆ, 640ಕ್ಕೆ ತನ್ನ ಆಕಾರ ಬಿಡಲು ಶುರು ಮಾಡುತ್ತದೆ. ಕಾರಿನ ಜೊತೆ ಬಂದ ಬೋಲ್ಟುಗಳಲ್ಲಿ ಹೆಚ್ಚಿನವು ಈ ದರ್ಜೆಯವು, ಇಲ್ಲವೆ ಇದಕ್ಕೂ ಮೇಲಿನವು. ಹಗುರವಾದದ್ದು ಬೇಕೆಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ, ತಲೆಯ ಮೇಲೆ ಗುರುತೇ ಇಲ್ಲದ ಬೋಲ್ಟನ್ನು ನೋಡಿ. ಒಂದು ಸಲ ರಿಪೇರಿಗೆ ಹೋಗಿಬಂದ ಗಾಡಿಯಲ್ಲಿ ಕಾಣುವುದು ಅದೇ. ಅದರಲ್ಲೂ ಜಪಾನಿ ಮೂಲದ ಕಾರುಗಳಲ್ಲಿ 10 ಎಂ.ಎಂ. ಬೋಲ್ಟಿನ ಥ್ರೆಡ್ಡಿನ ಅಂತರ ಸಾಮಾನ್ಯವಾಗಿ 1.25 ಮಿಲಿಮೀಟರ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 1.5ರದ್ದು. ಮೊದಲೆರಡು ಸುತ್ತು ಅದು ಹೋದಂತೆ ಅನ್ನಿಸುತ್ತದೆ, ಆಮೇಲೆ ಹಿಡಿಯುತ್ತದೆ. ಅಲ್ಲಿಗೆ ಪೈಪ್ ಬರುತ್ತದೆ.

ಪೈಪಿನ ಬಗ್ಗೆ ಮಾತ್ರ ನಿಧಾನವಾಗಿ ಮಾತಾಡಬೇಕು. ನನ್ನ ನಿಜವಾದ ಜಗಳ ಇರುವುದು ಅದರೊಂದಿಗೆ.

ಬೋಲ್ಟ್ ಎರಡು ವಸ್ತುಗಳನ್ನು ಹಿಡಿದಿಡುವುದು ಹೇಗೆ? ಬಿಗಿ ಮಾಡಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ತನ್ನ ಅಳತೆಗೆ ಮರಳಲು ಹವಣಿಸುತ್ತದೆ. ಆ ಹವಣಿಕೆಯ ಎಳೆತವೇ ಹಿಡಿತ. ಅಂದರೆ ಬೋಲ್ಟು ಒಂದು ಗಟ್ಟಿ ಸ್ಪ್ರಿಂಗು. ಮಿತಿಯೊಳಗೆ ಹಿಗ್ಗಿಸಿದರೆ ವರ್ಷಗಟ್ಟಲೆ ಎಳೆದು ಹಿಡಿಯುತ್ತದೆ. ಅಳತೆಯಿಲ್ಲದೆ ಮಿತಿ ದಾಟಿಸಿದರೆ ಸ್ಪ್ರಿಂಗಿನ ಜೀವ ಹೋಗುತ್ತದೆ. ನೋಡಲು ಬಿಗಿಯಾಗಿಯೇ ಇರುತ್ತದೆ, ಆದರೆ ಅದರಲ್ಲಿ ಉಳಿದ ತ್ರಾಣವೇ ಇರುವುದಿಲ್ಲ. ಮುಂದಿನ ಕುಲುಕಾಟಕ್ಕೆ, ಮುಂದಿನ ಕಾವಿಗೆ ಬಿರುಕು ಹುಟ್ಟುತ್ತದೆ. ನಟ್ಟಿನೊಳಗಿನ ಮೊದಲ ಥ್ರೆಡ್ಡೇ ಹೊರೆಯ ಸುಮಾರು ಮೂರನೇ ಒಂದು ಪಾಲು ಹೊರುವುದರಿಂದ ಬಿರುಕು ಹೆಚ್ಚಾಗಿ ಅಲ್ಲೇ ಏಳುತ್ತದೆ. ಮುರಿದ ಮೈ ಒಳಗೆ ಉಳಿಯುವುದೂ ಅದಕ್ಕೇ.

ಇನ್ನು, ನಾವು ಪಾನಾಕ್ಕೆ ಹಾಕುವ ಶಕ್ತಿಯೆಲ್ಲ ಹಿಡಿತವಾಗುತ್ತದೆ ಎಂಬ ಎಣಿಕೆಯೂ ತಪ್ಪು. ಹಾಕಿದ ತಿರುಚಿನಲ್ಲಿ ಸುಮಾರು ಅರ್ಧ, ತಲೆಯ ಅಡಿಯ ಉಜ್ಜಾಟಕ್ಕೆ ಹೋಗುತ್ತದೆ. ನೂರರಲ್ಲಿ ನಲವತ್ತು ಪಾಲು ಥ್ರೆಡ್ಡಿನ ಉಜ್ಜಾಟಕ್ಕೆ. ಬೋಲ್ಟನ್ನು ಹಿಗ್ಗಿಸಲು ಸಿಗುವುದು ಹತ್ತು ಪಾಲಷ್ಟೆ. ಹಾಗಾಗಿ ಥ್ರೆಡ್ಡಿನಲ್ಲಿ ಮಣ್ಣಿದ್ದರೆ, ಗಾಯವಿದ್ದರೆ, ಎಷ್ಟು ಜಗ್ಗಿದರೂ ಹಿಡಿತ ಬರದೆ ಬೋಲ್ಟು ತಿರುಚಿಕೊಳ್ಳುತ್ತದೆ. ಎಣ್ಣೆ ಹಚ್ಚಿದ್ದರೆ ಉಜ್ಜಾಟ ಕಡಿಮೆಯಾಗಿ, ಅದೇ ಜಗ್ಗಿಗೆ ಬೋಲ್ಟು ಬಹಳ ಹೆಚ್ಚು ಹಿಗ್ಗುತ್ತದೆ. ತೋಳಿಗೆ ಎರಡೂ ಸಂದರ್ಭದಲ್ಲಿ ಒಂದೇ ಥರ ಅನ್ನಿಸುತ್ತದೆ. "ಕೈಗಿ ಗೊತ್ತಾಗ್ತದ" ಎಂಬ ಹೆಮ್ಮೆಯ ಮಾತು ಇಲ್ಲಿಗೆ ಬಂದು ಸೋಲುತ್ತದೆ.

ಪಾನಾಗಳ ಸೆಟ್ಟೊಂದನ್ನು ಬಿಡಿಸಿ ಸಾಲಾಗಿ ಇಡಿ. ಹತ್ತರ ಪಾನಾ ಗಿಡ್ಡ, ಹದಿನೇಳರದು ಉದ್ದ. ಹೀಗೇಕೆ? ಹತ್ತರ ಪಾನಾ ಹೋಗುವುದು 6 ಎಂ.ಎಂ. ಬೋಲ್ಟಿಗೆ. ಅದಕ್ಕೆ ಬೇಕಾದದ್ದು ಹೆಚ್ಚೆಂದರೆ 10 ನ್ಯೂಟನ್ ಮೀಟರ್. ಗೇಣಿಗಿಂತ ಗಿಡ್ಡವಾದ, ಸುಮಾರು 13 ಸೆಂಟಿಮೀಟರಿನ ಆ ಪಾನಾದ ತುದಿಯಲ್ಲಿ ಎಂಟು ಕಿಲೋ ತೂಕದಷ್ಟು ಜಗ್ಗಿದರೆ ಅಷ್ಟಾಗುತ್ತದೆ. ಮೂರು ಬೆರಳಿನ ಕೆಲಸ. ಬೋಲ್ಟು ದಪ್ಪವಾದಂತೆ ಪಾನಾ ಉದ್ದವಾಗುತ್ತದೆ, ಸಾಮಾನ್ಯ ಮನುಷ್ಯನ ಸಾಮಾನ್ಯ ಜಗ್ಗು ಸರಿಯಾದ ಬಿಗಿಗೆ ಹತ್ತಿರ ಬರಲಿ ಎಂದು. ಅಳತೆ ಪಾನಾದ ಉದ್ದದಲ್ಲೇ ಅಡಗಿದೆ. ಅದರ ಹಿಂದಕ್ಕೆ ಪೈಪ್ ಸಿಕ್ಕಿಸಿದವನು ಆ ಅಳತೆಯನ್ನೇ ಕಿತ್ತು ಹಾಕುತ್ತಾನೆ. ಸಣ್ಣ ಕಾರಿನ ಚಕ್ರದ ನಟ್ಟಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಸಾಕು. 70 ಕಿಲೋ ತೂಕದ ಹುಡುಗ ಒಂದು ಮೀಟರ್ ಪೈಪಿನ ತುದಿಯಲ್ಲಿ ನಿಂತರೆ ಅದು 680 ದಾಟುತ್ತದೆ. ಆರರಿಂದ ಎಂಟು ಪಟ್ಟು. ಪೈಪಿಲ್ಲದೆ ಬರೀ ಒಂದಡಿಯ ಎಲ್ ಪಾನಾದ ಮೇಲೆ ನಿಂತರೂ ಎರಡು ಪಟ್ಟು. ಟಯರ್ ಅಂಗಡಿಯ ಏರ್ ಗನ್ನು ಮನಸ್ಸು ಮಾಡಿದರೆ 500ಕ್ಕೂ ಮೇಲೆ ಹೋಗುತ್ತದೆ, ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯದು. ಆರು ತಿಂಗಳ ನಂತರ ಚಿಂಚೋಳಿಯ ಕಾಡಿನ ದಾರಿಯಲ್ಲಿ ಟಯರ್ ಪಂಕ್ಚರ್ ಆಗಿ, ಗಾಡಿಯ ಜೊತೆ ಬಂದ ಪುಟ್ಟ ಪಾನಾ ಹಿಡಿದು ಬೆವರುವವನು, ಸ್ಟಡ್ಡು ಮುರಿದರೆ ಬೈಗುಳ ತಿನ್ನುವವನು ಗಾಡಿಯ ಯಜಮಾನ.

ಇಲ್ಲಿ ಮೆಕ್ಯಾನಿಕ್ಕನ್ನು ಮಾತ್ರ ದೂರಿದರೆ ನಾನೂ ಅನ್ಯಾಯ ಮಾಡಿದಂತಾಗುತ್ತದೆ. ಪೈಪ್ ಹಾಕಿಸುವವರು ನಾವೇ. "ಇನ್ನ ಜರಾ ಟೈಟ್ ಮಾಡ್ರಿ ಉಸ್ತಾದ್, ರೋಡ್ ಸುಮಾರದ" ಎನ್ನುವುದು ಗಿರಾಕಿ. ಕೈಯಿಂದ ಹಾಕಿ ಬಿಟ್ಟ ಉಸ್ತಾದನ ಮೇಲೆ ನಂಬಿಕೆ ಬರುವುದಿಲ್ಲ, ಮೈಮೇಲೆ ಬಿದ್ದು ಜಗ್ಗಿದವನು ಗಟ್ಟಿ ಕೆಲಸಗಾರ ಎನಿಸಿಕೊಳ್ಳುತ್ತಾನೆ. ರಸ್ತೆಯ ಭಯ ಸುಳ್ಳಲ್ಲ. ಸಿಮೆಂಟ್ ಲಾರಿಗಳು ಅರೆದ ರಸ್ತೆಯಲ್ಲಿ ದಿನವೂ ಓಡುವವರಿಗೆ ಚಕ್ರ ಕಳಚೀತೆಂಬ ಅಂಜಿಕೆ ಸಹಜ. ಆದರೆ ಆ ಅಂಜಿಕೆಗೆ ಮದ್ದು ಹೆಚ್ಚಿನ ಬಿಗಿ ಎಂಬುದೇ ತಪ್ಪು. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಕುಲುಕಾಟಕ್ಕೆ ಬೋಲ್ಟು ಹೇಗೆ ಸಡಿಲವಾಗುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. ಜೋಡಿಸಿದ ಎರಡು ಮೈಗಳು ಅಡ್ಡಡ್ಡ ಸರಿದಾಡಿದರೆ ನಟ್ಟು ತಾನಾಗಿ ತಿರುಗುತ್ತದೆ. ಸರಿದಾಡದಂತೆ ತಡೆಯುವುದು ಬೋಲ್ಟಿನ ಎಳೆತ. ಎಳೆತ ಕೊಡುವುದು ಜೀವವಿರುವ ಸ್ಪ್ರಿಂಗು. ಅಳತೆಯಿಲ್ಲದೆ ಮಿತಿ ಮೀರಿ ಎಳೆದ ಬೋಲ್ಟಿನಲ್ಲಿ ಅದರ ಭರವಸೆಯೇ ಇಲ್ಲ. ನಾವು ಭದ್ರತೆಗೆಂದು ಬಿಗಿಸಿದ ನಟ್ಟೇ ಮೊದಲು ಕೈಕೊಡಬಹುದು.

ಈ ತಿಳಿವಳಿಕೆ ಬೆಂಗಳೂರಿನಿಂದಲೋ ಜರ್ಮನಿಯಿಂದಲೋ ಈ ಸೀಮೆಗೆ ಬರಬೇಕಿಲ್ಲ ಎಂಬುದು ನನ್ನ ಸಂಕಟ. ಅದು ಇಲ್ಲೇ ಇದೆ, ಬಹಳ ಹಿಂದಿನಿಂದ ಇದೆ. 1874ರಲ್ಲಿ ಸಿಕಂದರಾಬಾದಿನಿಂದ ಬಂದ ನಿಜಾಮನ ರೈಲು ಬೊಂಬಾಯಿ-ಮದ್ರಾಸ್ ಮಾರ್ಗಕ್ಕೆ ಕೂಡಿದ್ದು ವಾಡಿಯಲ್ಲಿ. ಹಳಿ ಎಂದರೇನು? ಹಳಿಗೆ ಹಳಿ ಸೇರುವ ಕಡೆ ಎರಡು ಫಿಶ್ ಪ್ಲೇಟು, ಅವುಗಳನ್ನು ಹಿಡಿದ ಬೋಲ್ಟು. ಆ ಬೋಲ್ಟು ಬಿಗಿಸುವ ಪಾನಾದ ಉದ್ದಕ್ಕೆ ರೈಲ್ವೆಯಲ್ಲಿ ಮಿತಿಯಿದೆ, ಗ್ಯಾಂಗಿನವರು ಬೇಕಾದಷ್ಟು ಉದ್ದದ್ದು ಹಿಡಿಯುವಂತಿಲ್ಲ. ಹೆಚ್ಚು ಬಿಗಿದರೆ ಹಳಿ ಬಿಸಿಲಿಗೆ ಹಿಗ್ಗಲು, ಚಳಿಗೆ ಕುಗ್ಗಲು ಜಾಗ ಸಿಗದು, ಬೋಲ್ಟೂ ಉಳಿಯದು. ಇನ್ನೂ ಮುಖ್ಯವಾದ ಮಾತು: ವರ್ಷಕ್ಕೊಮ್ಮೆ, ಚಳಿಗಾಲದ ತಿಂಗಳುಗಳಲ್ಲಿ, ಆ ಜಾಯಿಂಟುಗಳನ್ನು ಬಿಚ್ಚಿ, ಉಜ್ಜಿ ತೊಳೆದು, ಸೀಮೆಎಣ್ಣೆಯಲ್ಲಿ ಕಲಸಿದ ಗ್ರಾಫೈಟು ಹಚ್ಚಿ, ಬೋಲ್ಟಿಗೆ ಎಣ್ಣೆ ಕುಡಿಸಿ ಮತ್ತೆ ಹಾಕುವ ಕಟ್ಟಳೆ ರೈಲ್ವೆಯದು. ಇಂದು ಉದ್ದುದ್ದ ಬೆಸೆದ ಹಳಿ ಬಂದು ಜಾಯಿಂಟುಗಳು ಕಡಿಮೆಯಾಗಿವೆ, ಕಟ್ಟಳೆ ಉಳಿದಿದೆ. ಸಾವಿರಾರು ಟನ್ ಗೂಡ್ಸ್ ಓಡುವ ಹಳಿಯ ಬೋಲ್ಟೇ ವರ್ಷಕ್ಕೊಮ್ಮೆ ಬಿಚ್ಚಿ ಹಾಕುವಂಥದ್ದು. ಕಾರಿನ ಬೋಲ್ಟು ಮಾತ್ರ ಒಮ್ಮೆ ಬಿಗಿದರೆ ಯಾರೂ ಬಿಚ್ಚಬಾರದ ಕಂಕಣವಾಯಿತೇ?

ಸಿಮೆಂಟ್ ಕಾರ್ಖಾನೆಗಳಲ್ಲಿ ನೋಡಿ. ವಾಡಿಯಲ್ಲಿ, ಸೇಡಮ್ಮಿನಲ್ಲಿ, ಮಳಖೇಡದಲ್ಲಿ ಉರಿಯುವ ಕಿಲ್ನಿನ ಗರ್ತ್ ಗೇರು ಜೋಡಿಸುವ ಫಿಟ್ಟರು ಅಳತೆಯಿಲ್ಲದೆ ಒಂದು ಬೋಲ್ಟನ್ನೂ ಮುಟ್ಟುವುದಿಲ್ಲ. ತಿರುಚನ್ನು ಅಳೆದು ಬಿಗಿಸುವ ಟಾರ್ಕ್ ಪಾನಾ ಬೇಕು, ಎದುರುಬದುರು ಬೋಲ್ಟುಗಳನ್ನು ಸರದಿಯಲ್ಲಿ ಬಿಗಿಸಬೇಕು, ಒಂದೇ ಸಲಕ್ಕೆ ಪೂರ್ತಿ ಬಿಗಿಯಬಾರದು. ಶಹಾಬಾದಿನಲ್ಲಿ ಬಾಯ್ಲರ್ ಮತ್ತು ಭಾರಿ ಯಂತ್ರ ಕಟ್ಟುವ ಕೆಲಸದಲ್ಲಿ ಕೈ ಪಳಗಿಸಿಕೊಂಡ ಮನೆತನಗಳೇ ಇವೆ. ಅದೇ ಫಿಟ್ಟರು ಪಾಳಿ ಮುಗಿಸಿ ಗೇಟಿನಿಂದ ಹೊರಗೆ ಬಂದು ತನ್ನ ಕಾರಿನ ಚಕ್ರಕ್ಕೆ ಗನ್ನು ಹೊಡೆಸಿಕೊಂಡು, ಇನ್ನೊಂದು ಸಲ ಹೊಡಿ ಎನ್ನುತ್ತಾನೆ. ಗೇಟಿನೊಳಗೆ ವಿದ್ಯೆಯಾಗಿದ್ದದ್ದು ಹೊರಗೆ ಬಂದೊಡನೆ ಬರೀ ತೋಳ್ಬಲವಾಗುತ್ತದೆ. ಕಲ್ಲಿನ ಖಣಿಯಲ್ಲಿ ಫರಸಿ ಸೀಳುವ ಮನುಷ್ಯನಿಗೆ ಈ ಮಾತು ಬೇಗ ತಿಳಿದೀತು. ಅವನು ಚಾಣ ಇಟ್ಟು ಒಂದೇ ಭಾರಿ ಏಟು ಹಾಕುವುದಿಲ್ಲ. ಗೆರೆಯುದ್ದಕ್ಕೂ ಹಗುರಾಗಿ ತಟ್ಟುತ್ತ ಹೋಗುತ್ತಾನೆ, ಕಲ್ಲು ತಾನೇ ಬಾಯಿ ಬಿಡುತ್ತದೆ.

ಮುರಿದ ಬೋಲ್ಟು ಹೊರಬರುವುದೂ ಹಾಗೆಯೇ. ಗ್ಯಾರೇಜಿನಲ್ಲಿ ಈ ಕೆಲಸ ಕೆಡಲು ಕಾರಣ ಅವಸರ. ಹಿಂದೆ ಮೂರು ಗಾಡಿ ನಿಂತಿವೆ, ಗಿರಾಕಿ ಚಹಾದಂಗಡಿಯಿಂದ ಇಣುಕುತ್ತಿದ್ದಾನೆ, ಉಸ್ತಾದನಿಗೆ ಸಿಗುವುದು ಪಾರ್ಟಿನ ಲೆಕ್ಕದ ದುಡ್ಡೇ ಹೊರತು ಕಾದ ಹೊತ್ತಿನದಲ್ಲ. ಆದ್ದರಿಂದ ಡ್ರಿಲ್ ಬರುತ್ತದೆ, ನಡು ತಪ್ಪುತ್ತದೆ, ಮೃದುವಾದ ಅಲ್ಯೂಮಿನಿಯಮ್ಮಿನ ಕಡೆಗೆ ಬಿಟ್ ಜಾರುತ್ತದೆ, ಕೊನೆಗೆ "ಪೂರಾ ಪಾರ್ಟೇ ಬದಲಿ ಮಾಡಬೇಕ್ರಿ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮನೆಯವನಿಗೆ ಈ ಅವಸರ ಇಲ್ಲ. ಅವನು ಮುರಿದ ತುಂಡಿನ ಸುತ್ತ ತಂತಿ ಬ್ರಶ್ಶಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸಣ್ಣ ಸುತ್ತಿಗೆಯಿಂದ ನಾಲ್ಕು ಸಲ ತಟ್ಟಿ, ಊಟಕ್ಕೆ ಹೋಗಬಹುದು. ಸಂಜೆ ಮತ್ತೆ ಎಣ್ಣೆ, ಮತ್ತೆ ತಟ್ಟುವುದು. ತಟ್ಟಿದಾಗ ತುಕ್ಕಿನ ಪದರದಲ್ಲಿ ಕೂದಲೆಳೆ ಬಿರುಕು ಬಿಟ್ಟು ಎಣ್ಣೆ ಇಳಿಯಲು ದಾರಿ ಸಿಗುತ್ತದೆ. ಮರುದಿನ ಬೆಳಿಗ್ಗೆ ನೋಡಿದರಾಯಿತು.

ತುಂಡು ಒಂದಿಷ್ಟು ಹೊರಗೆ ಉಳಿದಿದ್ದರೆ ವೈಸ್ ಗ್ರಿಪ್ಪಿನಲ್ಲಿ ಹಿಡಿದು ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ, ಹೀಗೆ ಹಿಂದೆ ಮುಂದೆ ಆಡಿಸಬೇಕು. ಬಂದಷ್ಟಕ್ಕೆ ಎಣ್ಣೆ ಹಾಕಿ ಮತ್ತೆ ಒಳಕ್ಕೆ, ಮತ್ತೆ ಹೊರಕ್ಕೆ. ಅದು ಕಿರುಗುಟ್ಟಿದರೆ ಒಳ್ಳೆಯ ಲಕ್ಷಣ. ಶಬ್ದವಿಲ್ಲದೆ ರಬ್ಬರಿನಂತೆ ಬಳುಕಿದರೆ ಅಲ್ಲಿಗೇ ನಿಲ್ಲಿಸಬೇಕು, ಉಕ್ಕು ತಿರುಚುತ್ತಿದೆ. ಅಲ್ಯೂಮಿನಿಯಮ್ ಮೈಯಲ್ಲಿ ಕೂತ ಉಕ್ಕಿನ ಬೋಲ್ಟಿಗೆ ಕಾವು ಬಹಳ ಒಳ್ಳೆಯ ಮದ್ದು. ಕಾಯಿಸಿದಾಗ ಅಲ್ಯೂಮಿನಿಯಮ್ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ರಂಧ್ರ ಸಡಿಲವಾಗುತ್ತದೆ. ಹೀಟ್ ಗನ್ ಸಾಕು. ಪೆಟ್ರೋಲಿನ ನಳಿಗೆ, ರಬ್ಬರು, ಬ್ರೇಕಿನ ಕೊಳವೆ ಹತ್ತಿರವಿದ್ದರೆ ಬೆಂಕಿಯ ಮಾತೇ ಬೇಡ.

ತುಂಡು ಮಟ್ಟಕ್ಕೆ ಮುರಿದಿದ್ದರೆ, ಅದರ ಮೇಲೆ ಒಂದು ನಟ್ಟು ಇಟ್ಟು ನಟ್ಟಿನ ಒಳಗಿನಿಂದ ವೆಲ್ಡ್ ಹಾಕಿಸುವುದು ನಾನು ಕಂಡ ಉಪಾಯಗಳಲ್ಲೇ ಮೇಲು. ವೆಲ್ಡಿಂಗಿನ ಕಾವು ತುಕ್ಕಿನ ಹಿಡಿತ ಬಿಡಿಸುತ್ತದೆ, ಉಕ್ಕಿನ ರಾಡು ಅಲ್ಯೂಮಿನಿಯಮ್ಮಿಗೆ ಹತ್ತುವುದಿಲ್ಲ, ತಿರುಗಿಸಲು ಹೊಸ ತಲೆಯೂ ಸಿಕ್ಕಂತಾಗುತ್ತದೆ. ಕಿಟಕಿ ಗ್ರಿಲ್ಲು ಮಾಡುವ ವೆಲ್ಡರು ಈ ಐದೂ ಊರಿನಲ್ಲಿದ್ದಾರೆ. ಕೆಲಸಕ್ಕೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚಿಡುವುದನ್ನು ಮರೆಯಬಾರದು. ಅದೂ ಆಗದಿದ್ದರೆ ಡ್ರಿಲ್. ಅದಕ್ಕೆ ಮುಂಚೆ ಮುರಿದ ಮುಖವನ್ನು ಅರದಿಂದ ಸಮ ಮಾಡಿ, ನಟ್ಟನಡುವೆ ಸೆಂಟರ್ ಪಂಚ್ ಹೊಡೆಯಬೇಕು. ಈ ಪಂಚಿಗೆ ತೆಗೆದುಕೊಂಡ ಹೊತ್ತು ಇಡೀ ಕೆಲಸವನ್ನು ಕಾಪಾಡುತ್ತದೆ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಕೊರೆಯುವಾಗಲೇ ತುಂಡು ಹೊರಬಂದರೂ ಬಂದೀತು. ಬೋಲ್ಟ್ ಎಕ್ಸ್‌ಟ್ರ್ಯಾಕ್ಟರ್ ಎಂದು ಅಂಗಡಿಯಲ್ಲಿ ಹೊಳಪಿನ ಡಬ್ಬಿಯಲ್ಲಿಟ್ಟು ಮಾರುವ ಸಾಮಾನಿನ ಮೇಲೆ ಮಾತ್ರ ನನಗೆ ಭರವಸೆಯಿಲ್ಲ. ಅದು ಬಿರುಸಾದ ಉಕ್ಕು. ಜಾಮ್ ಆದ ಬೋಲ್ಟಿನೊಳಗೆ ಅದೇ ಮುರಿದರೆ ಸಾಧಾರಣ ಡ್ರಿಲ್ಲು ಅದನ್ನು ಗೀರಲೂ ಆರದು. ಸುಲಭದ ಕಷ್ಟವೊಂದು ಲೇತಿನವರೂ ಕೈಚೆಲ್ಲುವ ಕಷ್ಟವಾಗಿಬಿಡುತ್ತದೆ.

ಥ್ರೆಡ್ಡು ಹಾಳಾಯಿತೆಂದರೂ ಪಾರ್ಟ್ ಎಸೆಯಬೇಕಿಲ್ಲ. ರಂಧ್ರವನ್ನು ಒಂದಿಷ್ಟು ದೊಡ್ಡದು ಮಾಡಿ, ಹೊಸ ಟ್ಯಾಪ್ ಹಾಕಿ, ಹೆಲಿಕಾಯಿಲ್ ಎಂಬ ತಂತಿಯ ಸುರುಳಿ ಕೂರಿಸಿದರೆ ಹಳೆಯ ಅಳತೆಯ ಬೋಲ್ಟೇ ಮತ್ತೆ ಕೂರುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಆ ಉಕ್ಕಿನ ಥ್ರೆಡ್ಡು ಮೊದಲಿನದಕ್ಕಿಂತ ಗಟ್ಟಿ. ಇದನ್ನು ಮನೆಯಲ್ಲಿ ಮಾಡಲಾಗದಿದ್ದರೆ ಪಾರ್ಟನ್ನಷ್ಟೆ ಬಿಚ್ಚಿ ಲೇತ್ ಅಂಗಡಿಗೆ ಒಯ್ಯಿರಿ. ಈ ಸೀಮೆಯ ಲೇತ್ ಕೆಲಸಗಾರರು ಖಣಿ ಮತ್ತು ಕಾರ್ಖಾನೆಗಳ ಸಾಮಾನು ರಿಪೇರಿ ಮಾಡಿ ಪಳಗಿದವರು. ಒಂದು ಮುರಿದ ಬೋಲ್ಟಿಗಾಗಿ ಚಿಂಚೋಳಿಯಿಂದ ಎಂಬತ್ತು ಕಿಲೋಮೀಟರ್ ದಾಟಿ ಕಲಬುರಗಿಯ ಶೋರೂಮಿಗೆ ಹೋಗಿ, ಹೊಸ ಪಾರ್ಟಿನ ಪಟ್ಟಿ ಹಿಡಿದು ಬರುವುದಕ್ಕಿಂತ ಅದು ಎಷ್ಟೋ ಮೇಲು.

ಎಲ್ಲವನ್ನೂ ಮನೆಯಲ್ಲೇ ಮಾಡಿ ಎನ್ನುವ ಹಟ ನನ್ನದಲ್ಲ. ಜ್ಯಾಕ್ ಒಂದರ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ಹೋಗಬಾರದು. ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸ ಬೇಡ. ಅಂಗಳದ ಫರಸಿ ನಡುವೆ ಪೊಳ್ಳಿದ್ದರೆ ಭಾರಕ್ಕೆ ಒಡೆಯುತ್ತದೆ, ಕೆಳಗೆ ದಪ್ಪ ಹಲಗೆ ಹಾಕಬೇಕು. ಉಕ್ಕು ಕೊರೆಯುವಾಗ ಕಣ್ಣಿಗೆ ಕನ್ನಡಕ ಬೇಕು. ಸ್ಟಿಯರಿಂಗು, ಬ್ರೇಕಿನ ಕ್ಯಾಲಿಪರು, ಸಸ್ಪೆನ್ಷನ್ನಿನ ಬೋಲ್ಟು ಮುರಿದರೆ ಬೆಸೆಯುವುದು, ಬಜಾರಿನದು ಹಾಕುವುದು ಎರಡೂ ಸಲ್ಲ. ಅದೇ ದರ್ಜೆಯ ಹೊಸದೇ ಬೇಕು, ಅನುಮಾನವಿದ್ದರೆ ತಿಳಿದವರ ಕೈಯಲ್ಲೇ ಹಾಕಿಸಬೇಕು. ಸಿಲಿಂಡರ್ ಹೆಡ್ಡಿನ ಬೋಲ್ಟುಗಳ ಲೆಕ್ಕ ಬೇರೆ. ಈಗಿನ ಎಷ್ಟೋ ಎಂಜಿನ್ನುಗಳಲ್ಲಿ ಅವನ್ನು ಬೇಕೆಂದೇ ಮಿತಿ ತುಸು ದಾಟುವಂತೆ ಹಿಗ್ಗಿಸುತ್ತಾರೆ. ಆದರೆ ಅಲ್ಲಿಯೂ ಇಷ್ಟು ಟಾರ್ಕು, ಆಮೇಲೆ ಇಷ್ಟು ಡಿಗ್ರಿ ಎಂಬ ಅಳತೆಯಿದೆ, ಬಿಚ್ಚಿದ ಮೇಲೆ ಆ ಬೋಲ್ಟನ್ನು ಸಾಮಾನ್ಯವಾಗಿ ಮತ್ತೆ ಬಳಸುವುದಿಲ್ಲ. ಮಿತಿ ದಾಟುವುದಕ್ಕೂ ಅಳತೆ ಬೇಕೆಂಬುದಕ್ಕೆ ಅದೇ ಪುರಾವೆ. ಪೈಪಿನವರು ಅದನ್ನು ತಮ್ಮ ಪರವಾಗಿ ಹೇಳಿಕೊಳ್ಳುವಂತಿಲ್ಲ.

"ಟಾರ್ಕ್ ಪಾನಾ ದುಬಾರಿ, ನಮ್ಮಂಥವರಿಗೆ ಆಗಲ್ಲ" ಎನ್ನುವವರಿದ್ದಾರೆ. ಸಾಧಾರಣದ್ದೊಂದು ಎರಡು ಮೂರು ಸಾವಿರ ರೂಪಾಯಿಗೆ ಬರುತ್ತದೆ. ಒಂದು ಓಣಿಯ ನಾಲ್ಕು ಮನೆಯವರು ಕೂಡಿ ಕೊಂಡರೂ ನಡೆಯುತ್ತದೆ. ಟಯರ್ ಅಂಗಡಿಯವರಿಗೆ ಅದು ಗನ್ನಿನ ಬೆಲೆಯ ಒಂದು ಚೂರು. ಅವರ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲಿ ಯಾವ ಗಾಡಿಯ ಚಕ್ರಕ್ಕೆ ಎಷ್ಟು ಟಾರ್ಕು ಎಂಬ ಪಟ್ಟಿ ತೂಗಲಿ. ಐಟಿಐಯಲ್ಲಿ ಫಿಟ್ಟರ್ ಕಲಿತ ಹುಡುಗ ಗ್ಯಾರೇಜಿಗೆ ಕೆಲಸಕ್ಕೆ ಬಂದಾಗ, ಅವನ ಕೈಯ ಟಾರ್ಕ್ ಪಾನಾ ನೋಡಿ ಹಳಬರು ಹಂಗಿಸುವುದು ನಿಲ್ಲಲಿ. ದಸರೆಯ ಖಂಡೆ ಪೂಜೆಗೆ ಗಾಡಿ ತೊಳೆಯುವ ದಿನ 6 ಎಂ.ಎಂ., 8 ಎಂ.ಎಂ. ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಥ್ರೆಡ್ಡು ಉಜ್ಜಿ, ಅಳತೆಯಂತೆ ಮತ್ತೆ ಹಾಕುವ ರೂಢಿ ಮನೆಮನೆಗೆ ಬರಲಿ. ಹಾಗೆ ಹಾಕಿದ ಬೋಲ್ಟು ಮುಂದಿನ ವರ್ಷ ಅದೇ ಕೈಗೆ ಸಲೀಸಾಗಿ ಬರುತ್ತದೆ.

ಅಲ್ಲಿಯವರೆಗೆ ಟಯರ್ ಬದಲಿಸಲು ಹೋದವರು ಗಾಡಿಯ ಹತ್ತಿರವೇ ನಿಂತು ಕೇಳಬೇಕು: "ಗನ್ ಬಿಚ್ಚಲಿಕ್ಕ ಅಷ್ಟೇ ಸಾಕ್ರಿ. ಹಾಕುಮುಂದ ಕೈಲೆ ಹಾಕ್ರಿ, ಗಾಡಿ ಕೆಳಗ ಇಳಿಸಿ ಟಾರ್ಕ್ ಪಾನಾ ಹಚ್ಚ್ರಿ." ಗನ್ನಿನಿಂದ ಬಿಗಿದಾಗಿದ್ದರೆ ನಟ್ಟುಗಳನ್ನು ಅಲ್ಲೇ ಸಡಿಲಿಸಿ, ಎದುರುಬದುರು ಸರದಿಯಲ್ಲಿ ಮತ್ತೆ ಹಾಕಿಸಿಕೊಳ್ಳಬೇಕು. ಅಂಗಡಿಯ ಹುಡುಗನಿಗೆ ಹತ್ತು ನಿಮಿಷ ಹೆಚ್ಚಾಗುತ್ತದೆ. ಆ ಹತ್ತು ನಿಮಿಷಕ್ಕೆ ಅವನು ಬೇರೆ ದುಡ್ಡು ಕೇಳಿದರೆ ಚೌಕಾಸಿ ಮಾಡದೆ ಕೊಡಬೇಕು.